ಒಂದಿಷ್ಟು ಕೈ ಆಡಿಸಿ

"ಒಂದಿಷ್ಟು ಕೈ ಆಡಿಸಿ" ಎಂದು ಅವನು ಮೈಕಿಗೆ ಹೇಳಿದ. ಮೇಲಿನ ಮಹಡಿಯ ಆಪರೇಷನ್ ಕೋಣೆಯಲ್ಲಿ ಕ್ಯಾಮೆರಾದ ಎದುರು ನಿಲ್ಲಿಸಿದ್ದ ಆಯಾ ಕೈ ಆಡಿಸಲಿಲ್ಲ. ಫೋಟೋ ತೆಗೆಸಿಕೊಳ್ಳುವವಳ ಹಾಗೆ ಹಸಿರು ಟೋಪಿ ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಅವನು ಕೂತದ್ದು ಕೆಳಗಿನ ಪಾಠದ ಹಾಲಿನಲ್ಲಿ, ಖಾಲಿ ಕುರ್ಚಿಗಳ ಮೊದಲ ಸಾಲಿನಲ್ಲಿ, ಮಡಿಲ ಮೇಲೆ ತನ್ನ ಹಳೆಯ ಲ್ಯಾಪ್‌ಟಾಪು ಇಟ್ಟುಕೊಂಡು. ಕಣ್ಣಿನ ಆಸ್ಪತ್ರೆ. ನಾಳೆ ಬೆಳಿಗ್ಗೆ ಡಾಕ್ಟರು ಮೇಲೆ ಒಂದು ಕಣ್ಣಿಗೆ ಕತ್ತಿ ಇಡುವಾಗ, ಅದೇ ಕ್ಷಣದಲ್ಲಿ, ಹೊಲಿಗೆಯ ದಾರದ ಎಳೆ ಕೂಡ ಕಾಣುವಂತೆ, ಅದು ಕೆಳಗೆ ಕೂತ ನಲವತ್ತು ವಿದ್ಯಾರ್ಥಿಗಳ ಮುಂದಿನ ಪರದೆಯ ಮೇಲೆ ಮೂಡಬೇಕು. ಹದಿನಾರು ವರ್ಷದಿಂದ ಅವನು ಮಾಡಿಕೊಂಡು ಬಂದದ್ದು ಇದನ್ನೇ: ಒಂದು ಕೋಣೆಯಲ್ಲಿ ಆಗುತ್ತಿರುವುದನ್ನು, ಆಗುತ್ತಿರುವಾಗಲೇ, ಇನ್ನೊಂದು ಕೋಣೆಗೆ ಮುಟ್ಟಿಸುವುದು. ಹೇಳುವುದಕ್ಕೆ ಎಷ್ಟು ಸುಲಭ. ಒಂದು ಕಂಪ್ಯೂಟರು ಅಲ್ಲಿ, ಒಂದು ಇಲ್ಲಿ, ಮಧ್ಯೆ ಒಂದು ದಾರಿ. ಆ ದಾರಿ ಇಕ್ಕಟ್ಟಾದರೆ ಚಿತ್ರ ಚೌಕ ಚೌಕವಾಗಿ ಒಡೆದುಹೋಗುತ್ತದೆ. ಒಡೆಯದಿರಲಿ ಎಂದು ಸ್ವಲ್ಪ ತಡೆದು ಕಳಿಸಿದರೆ ಎಲ್ಲ ತಡವಾಗಿ ಬರುತ್ತದೆ. ಚೆನ್ನಾಗಿ ಬೇಕೋ, ಈಗಲೇ ಬೇಕೋ? ಗಿರಾಕಿಗಳಿಗೆ ಈ ಪ್ರಶ್ನೆ ಕೇಳಿದರೆ ಒಬ್ಬರೂ ತಪ್ಪದೆ ಎರಡೂ ಬೇಕು ಅನ್ನುತ್ತಾರೆ. ಅವನೂ ಒಮ್ಮೆ ಹಾಗೇ ಅಂದಿದ್ದ.

"ಕೇಬಲ್‌ನೋರೇ, ಆಯ್ತೇನ್ರೀ?" ಎಂದು ಬಾಗಿಲಲ್ಲಿ ಡಾಕ್ಟರು ಕೇಳಿದರು. ಹೋದ ವರ್ಷ ಇದೇ ಹಾಲಿನಲ್ಲಿ ಚಿತ್ರ ಮೂರು ಸೆಕೆಂಡು ತಡವಾಗಿ ಬಂದದ್ದನ್ನು ಅವರು ಮರೆತಿರಲಿಲ್ಲ. "ಈ ಸಲವೂ ನಾನು ಹೊಲಿಗೆ ಹಾಕಿ ಕೈ ತೊಳ್ಕೊಂಡ ಮೇಲೆ ಇವರಿಗೆ ಕೊಯ್ಯೋದು ಕಾಣ್ಸುತ್ತೋ ಹೇಗೆ?" ಪಕ್ಕದಲ್ಲಿದ್ದ ಕಿರಿಯ ಡಾಕ್ಟರಮ್ಮ ಹಲ್ಲು ಬಿಟ್ಟಳು. ಅವನೂ ನಕ್ಕ. ನಗಬೇಕಾಗಿರಲಿಲ್ಲ, ಆದರೂ ನಕ್ಕ, ಮತ್ತು ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. "ಇಲ್ಲ ಸಾರ್, ಈಗ ನೋಡಿ ಎಷ್ಟು ಕ್ಲಿಯರ್ ಇದೆ" ಎಂದು ಪರದೆ ತೋರಿಸಿದ. ಆಯಾಳ ಮುಖದ ಮೇಲಿನ ಬೆವರಿನ ಹನಿಯನ್ನೂ ಎಣಿಸಬಹುದಿತ್ತು. ಡಾಕ್ಟರು ತಲೆದೂಗಿ ಹೋದರು. ಅವರಿಗೇನು ಗೊತ್ತು? ಸುಮ್ಮನೆ ಕೂತವರ ಚಿತ್ರ ಯಾವಾಗಲೂ ಚೆನ್ನಾಗಿರುತ್ತದೆ. ಅಲ್ಲಾಡದ್ದನ್ನು ಮತ್ತೆ ಮತ್ತೆ ಕಳಿಸಬೇಕಾಗಿಲ್ಲ, ಕಂಪ್ಯೂಟರು ಹಳೆಯದನ್ನೇ ಇಟ್ಟುಕೊಂಡು ತೋರಿಸುತ್ತಿರುತ್ತದೆ. ಜನ ಅಲ್ಲಾಡಿದಾಗಲೇ ಅದಕ್ಕೆ ಕಷ್ಟ. ಅದಕ್ಕೇ ಅವನು ಎಲ್ಲಿ ಹೋದರೂ ಮೊದಲು ಹೇಳುವ ಮಾತು ಅದೊಂದೇ.

"ಅಮ್ಮಾ, ಕೈ. ಎರಡೂ ಕೈ. ಜೋರಾಗಿ ಆಡ್ಸಿ."

"ಹೀಗಾ ಅಣ್ಣಾ?" ಎಂದು ಆಯಾ ಎರಡೂ ಕೈ ಎತ್ತಿ, ನಾಚಿಕೊಂಡು, ಕಾಗೆ ಓಡಿಸುವವಳ ಹಾಗೆ ಆಡಿಸಿದಳು. ಲ್ಯಾಪ್‌ಟಾಪಿನ ಮೂಲೆಯಲ್ಲಿ, ದಾರಿಯಲ್ಲಿ ಎಷ್ಟು ಬರುತ್ತಿದೆಯೆಂದು ತೋರಿಸುತ್ತ ಸೆಕೆಂಡಿಗೊಮ್ಮೆ ಬದಲಾಗುವ ಅಂಕಿ ಎರಡರಿಂದ ಒಂಬತ್ತಕ್ಕೆ ಹಾರಿತು, ಅದರ ಪಕ್ಕದ ಗೆರೆ ಗುಡ್ಡದ ಹಾಗೆ ಎದ್ದಿತು. ಅವಳು ಕೈ ಇಳಿಸಿದಳು, ಗುಡ್ಡ ಇಳಿಯಿತು. ಮತ್ತೆ ಆಡಿಸಿದಳು, ಮತ್ತೆ ಎದ್ದಿತು. ಸಾಕು ಅನ್ನಬೇಕೆಂದು ಅಂಗೈ ಎತ್ತಿದ. ಆಯಾಗೆ ಅವನು ಕಾಣುತ್ತಿರಲಿಲ್ಲ, ಕ್ಯಾಮೆರಾ ಇದ್ದದ್ದು ಅವಳ ಕಡೆ ಮಾತ್ರ. ಎತ್ತಿದ ಅಂಗೈಯನ್ನು ಅವನು ಮೆಲ್ಲಗೆ ತೊಡೆಯ ಕೆಳಗೆ ಇಟ್ಟುಕೊಂಡ, ಯಾರೋ ನೋಡಿಬಿಟ್ಟರೇನೋ ಎನ್ನುವ ಹಾಗೆ.

ಅಕ್ಕನಿಗೂ ಅವನು ಇದೇ ಅಂಗೈ ತೋರಿಸಿದ್ದ. ತಡಿ. ಇರು. ನಿಲ್ಲಿಸು. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಅವಳ ಮಾತೆಲ್ಲ ಕೈಯಲ್ಲೇ, ಅದೂ ಯಾವ ಶಾಲೆಯಲ್ಲೂ ಕಲಿಸದ, ಮನೆಯಲ್ಲೇ ಹುಟ್ಟಿದ ಕೈಮಾತು, ಅಮ್ಮ ಮತ್ತು ಅವನು ಬಿಟ್ಟರೆ ಈ ಲೋಕದಲ್ಲಿ ಮೂರನೆಯವರಿಗೆ ಗೊತ್ತಿಲ್ಲದ್ದು. ಎಡಗೈಯ ಹಿಂಬದಿಯಿಂದ ಮೂಗು ಒರೆಸಿಕೊಂಡರೆ ಅದು ಅವನ ಹೆಸರು. ಚಿಕ್ಕಂದಿನಲ್ಲಿ ಅವನ ಮೂಗು ಸೋರದ ದಿನವಿರಲಿಲ್ಲವಂತೆ. ಅಮ್ಮ ಅದನ್ನೇ ಬಾಯಲ್ಲಿ ಗೊಣ್ಣೆ ಎಂದು ಕರೆದಳು, ಅಕ್ಕ ಕೈಯಲ್ಲಿ. ಅಮ್ಮ ಅವನಿಗೆ ಮೀಸೆ ಬಂದಾಗ ನಿಲ್ಲಿಸಿದಳು. ಅಕ್ಕ ನಿಲ್ಲಿಸಲಿಲ್ಲ. ನಲವತ್ತೊಂದು ವಯಸ್ಸಿನ ಗಂಡಸು, ಇಸ್ತ್ರಿ ಶರಟು ತೊಟ್ಟು ಹತ್ತು ಜನರ ಜೊತೆ ನಿಂತಿದ್ದರೂ, ದೂರದಿಂದ ಅವಳು ಮೂಗು ಒರೆಸಿದಳೆಂದರೆ ತಿರುಗಲೇಬೇಕು. ಈಗ ಅವನನ್ನು ಹಾಗೆ ಕರೆಯುವವರು ಯಾರೂ ಇಲ್ಲ.

ಅವಳ ರಕ್ತದ ಕಾಯಿಲೆಗೆ ಗಾಜಿನ ಕೋಣೆಯೇ ಗತಿ ಎಂದರು. ಹೊರಗಿನ ಸೋಂಕು ಒಂದು ಚೂರೂ ತಗುಲಬಾರದು, ಮನೆಯವರು ಯಾರೂ ಒಳಗೆ ಹೋಗುವಂತಿಲ್ಲ, ಗಾಜಿನ ಹತ್ತಿರಕ್ಕೂ. ಬೇರೆ ರೋಗಿಗಳ ಮನೆಯವರು ಫೋನಿನಲ್ಲಿ ದನಿ ಕೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಅಕ್ಕನಿಗೆ ದನಿ ಯಾತಕ್ಕೆ? ಆಸ್ಪತ್ರೆಯವರ ಫೋನಿನ ವಿಡಿಯೋದಲ್ಲಿ ಅವಳ ಬೆರಳುಗಳು ಹಿಟ್ಟು ಕಲಸಿದಂತೆ ಒಂದರೊಳಗೊಂದು ಸೇರಿಹೋಗುತ್ತಿದ್ದವು. ಆಗ ಅವನು ವಾರ್ಡಿನ ಹಿರಿಯ ನರ್ಸಿನ ಮುಂದೆ ನಿಂತು, ಜೀವನದಲ್ಲಿ ಮೊದಲನೆಯ ಸಲ, ತನ್ನ ಕೆಲಸದ ಬಗ್ಗೆ ಜಂಬದಿಂದ ಮಾತಾಡಿದ. ಒಂದು ಕಂಪ್ಯೂಟರು ಅವಳ ಮಂಚದ ಕಾಲದೆಸೆಗೆ, ಒಂದು ಮನೆಯಲ್ಲಿ. ಬೆರಳಿನ ಗೆಣ್ಣು ಕೂಡ ಕಾಣಬೇಕು, ತಡವೂ ಆಗಕೂಡದು. ಎರಡೂ ಬೇಕು. ನರ್ಸಮ್ಮ ಅವನನ್ನು ಒಂದು ಕ್ಷಣ ನೋಡಿ, "ಔಷಧಿಯಲ್ಲಿ ಒರೆಸಿ ಕೊಡಿ, ಇಡ್ತೀನಿ" ಎಂದರು. ಅದಾದ ಮೇಲೆ ಇಪ್ಪತ್ತೆರಡು ದಿನ ಅಕ್ಕ ಮಾತಾಡಿದಳು. ಪಕ್ಕದ ಕೋಣೆಯ ಮುದುಕ ನರ್ಸುಗಳಿಗೆ ಕಣ್ಣು ಹೊಡೆಯುವುದನ್ನು ಮಾಡಿ ತೋರಿಸಿದಳು, ಗಂಜಿ ತಂದವನ ನಡಿಗೆಯನ್ನು ಎರಡು ಬೆರಳಲ್ಲಿ ನಡೆದು ತೋರಿಸಿದಳು. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವನು ಕೂಡ ಪಕ್ಕದಲ್ಲೇ ಕೂತಿರುತ್ತಿದ್ದ, ನಿಜ. ಆದರೆ ಅವನ ಕಣ್ಣು ಇರುತ್ತಿದ್ದದ್ದು ತನ್ನ ಲ್ಯಾಪ್‌ಟಾಪಿನ ಮೂಲೆಯ ಅಂಕಿಯ ಮೇಲೆ.

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ, ಅಮ್ಮ ಅಡುಗೆಮನೆಯಲ್ಲಿದ್ದಾಗ, ಅವಳು ಏನೋ ಹೇಳಲು ಶುರುಮಾಡಿದಳು. ಬಲಗೈಗೆ ಸೂಜಿ ಚುಚ್ಚಿದ್ದರು, ಎಡಗೈ ಮಾತ್ರ ಆಡುತ್ತಿತ್ತು. ಮೂಗು ಒರೆಸಿದಳು. ಕೇಳು ಎಂದಳು. ಆಮೇಲಿನದು ಚೌಕ ಚೌಕವಾಗಿ ಒಡೆಯಿತು. ಅವನಿಗೆ ಪಿತ್ತ ನೆತ್ತಿಗೇರಿತು. ಅಕ್ಕನ ಮೇಲಲ್ಲ, ದಾರಿಯ ಮೇಲೆ; ಅದಕ್ಕೆ ವೈರಿಲ್ಲದೆ ಗಾಳಿಯಲ್ಲಿ ಹೋಗುತ್ತಿದ್ದ ಮನೆಯ ಇಂಟರ್ನೆಟ್ಟೇ ಕಾರಣವೆಂದು ಅವನಿಗೆ ಹೊಳೆದುಹೋಯಿತು. ಅಂಗೈ ಎತ್ತಿ ತೋರಿಸಿದ. ತಡಿ. ಎದ್ದು ಹೊರಗಿನ ಕೋಣೆಗೆ ಹೋಗಿ, ಗೋಡೆಯ ಪೆಟ್ಟಿಗೆಯಿಂದ ಉದ್ದನೆಯ ವೈರು ಎಳೆದು, ಬೀರುವಿನ ಹಿಂದೆ ತೂರಿಸಿ, ಬಾಗಿಲ ಸಂದಿಯಲ್ಲಿ ನುಗ್ಗಿಸಿ, ಅಂತೂ ತಂದು ಸಿಕ್ಕಿಸಿದಾಗ ಚಿತ್ರ ಕನ್ನಡಿಯಾಗಿತ್ತು. ಅಕ್ಕನ ಕೈ ಹೊದಿಕೆಯ ಮೇಲಿತ್ತು. ಈಗ ಹೇಳು, ಎಂದ ಅವನು, ಗೆದ್ದವನ ಮುಖದಲ್ಲಿ. ಅವಳು ಅಂಗೈ ಮಗುಚಿದಳು. ಏನಿಲ್ಲ. ಚಿತ್ರ ಎಷ್ಟು ಚೆನ್ನಾಗಿ ಬರ್ತಿದೆ ನೋಡು, ಎಂದು ಅವನು ಹೆಬ್ಬೆರಳು ಎತ್ತಿದ್ದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅವಳೂ ಹೆಬ್ಬೆರಳು ಎತ್ತಿದಳು. ಅದೇ ಮಧ್ಯಾಹ್ನ ಅವಳಿಗೆ ಉಸಿರಿನ ಯಂತ್ರ ಹಾಕಿ, ನಳಿಗೆ ಕಿತ್ತುಕೊಳ್ಳದಿರಲೆಂದು ಎರಡೂ ಕೈಗಳನ್ನು ಮಂಚದ ಸರಳಿಗೆ ಮೆತ್ತನೆಯ ಪಟ್ಟಿಯಿಂದ ಕಟ್ಟಿದರು. ಎರಡು ದಿನ ಚಿತ್ರ ಅಲುಗಾಡದೆ, ಒಂದು ಚೌಕವೂ ಒಡೆಯದೆ ಬಂತು.

ಆಸ್ಪತ್ರೆಯವರು ಕಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಅವಳ ಕೈ ಕಟ್ಟಿದವನು ಅವನಲ್ಲವೇ. ಅವನಿಗೆ ಹನ್ನೊಂದು, ಅವಳಿಗೆ ಹದಿನಾಲ್ಕು, ಬಸ್ಸಿನಲ್ಲಿ ಅಕ್ಕಪಕ್ಕ ಕೂತಿದ್ದರು. ಕಿಟಕಿಯಲ್ಲಿ ಏನು ಕಂಡಳೋ, ಎರಡೂ ಕೈ ಬೀಸಿ ಬೀಸಿ ಹೇಳುತ್ತಿದ್ದಳು. ಹಿಂದಿನ ಸೀಟಿನಲ್ಲಿದ್ದ ಅವನ ತರಗತಿಯ ಹುಡುಗರು ಅದನ್ನೇ ಅಣಕಿಸಿ ಕೈ ಬೀಸಿದರು, ಬಸ್ಸೇ ನಕ್ಕಂತೆ ಅವನಿಗೆ ಕೇಳಿಸಿತು. ಅವನು ಅವಳ ಎರಡೂ ಮಣಿಕಟ್ಟು ಹಿಡಿದು ಅವಳ ಮಡಿಲಿಗೆ ಒತ್ತಿದ. ಇಳಿಯುವ ಜಾಗ ಬರುವ ತನಕ ಒತ್ತಿ ಹಿಡಿದೇ ಇದ್ದ. ಅವಳು ಅವನಿಗಿಂತ ಗಟ್ಟಿಗಿತ್ತಿ, ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿಕೊಳ್ಳಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಲೂ ಇಲ್ಲ. ಆಮೇಲೆ ಬಸ್ಸಿನಲ್ಲಿ ಅವನ ಜೊತೆ ಕೂತಾಗಲೆಲ್ಲ ತಾನಾಗಿಯೇ ಒಂದು ಕೈಯ ಮೇಲೆ ಇನ್ನೊಂದನ್ನಿಟ್ಟು ಮಡಿಲಲ್ಲಿ ಒತ್ತಿಕೊಂಡು ಕೂರುತ್ತಿದ್ದಳು.

"ಅಣ್ಣಾ, ಇನ್ನೂ ಆಡ್ಸಲಾ? ಕೈ ನೋಯ್ತಿದೆ" ಎಂದಿತು ಸ್ಪೀಕರು. ಆಯಾ ಇಷ್ಟು ಹೊತ್ತೂ ಕೈ ಆಡಿಸುತ್ತಲೇ ಇದ್ದಳು. ಅಯ್ಯೋ ಸಾಕಮ್ಮ, ಎಂದು ಅವನು ತಪ್ಪಾಯಿತೆಂದು ಮೂರು ಸಲ ಹೇಳಿದ.

ಊಟದ ಹೊತ್ತಿಗೆ ಎಲ್ಲರೂ ಹೋದ ಮೇಲೆ ಅವನು ಹಾಲಿನಲ್ಲೇ ಉಳಿದ. ಇದೇ ಲ್ಯಾಪ್‌ಟಾಪಿನಲ್ಲಿ ಆ ಇಪ್ಪತ್ತಮೂರನೆಯ ದಿನದ ಪಟ್ಟಿ ಇದೆಯೆಂದು ಅಕ್ಕ ಹೋದ ಈ ಹತ್ತೊಂಬತ್ತು ದಿನವೂ ಅವನಿಗೆ ಗೊತ್ತಿತ್ತು. ಅವನ ಕಸುಬಿನವರು ಚಿತ್ರ ಉಳಿಸಿಕೊಳ್ಳುವುದಿಲ್ಲ, ಅಂಕಿ ಉಳಿಸಿಕೊಳ್ಳುತ್ತಾರೆ. ಸೆಕೆಂಡಿಗೊಂದು ಸಾಲು: ಅತ್ತಲಿಂದ ಬಂದದ್ದು ಎಷ್ಟು, ಇತ್ತಲಿಂದ ಹೋದದ್ದು ಎಷ್ಟು. ಎಲ್ಲಿ ತಪ್ಪಿತೆಂದು ಆಮೇಲೆ ಹುಡುಕುವುದಕ್ಕೆ. ಇಪ್ಪತ್ತಮೂರು ದಿನದ ಅಕ್ಕನಲ್ಲಿ ಒಂದು ಬೆರಳನ್ನೂ ಅವನು ಉಳಿಸಿಕೊಂಡಿರಲಿಲ್ಲ. ಅಂಕಿಯನ್ನು ಮಾತ್ರ ಒಂದೂ ಬಿಡದೆ ಉಳಿಸಿಕೊಂಡಿದ್ದ. ಥೂ, ಇವನೂ ಒಬ್ಬ ತಮ್ಮ. ತೆಗೆಯಬಾರದು ಎಂದುಕೊಂಡೇ ತೆಗೆದ. ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಅವನು ಎದ್ದು ಹೋದದ್ದು. ಅಲ್ಲಿಂದ ಅತ್ತಲ ಗೆರೆ ನೆಲಕ್ಕೆ ಇಳಿದು ಮಲಗಿರಬೇಕು, ಅಕ್ಕ ಅವನಿಗಾಗಿ ಸುಮ್ಮನೆ ಕಾದಿರಬೇಕು ಎಂದು ಅವನು ನಂಬಿಕೊಂಡಿದ್ದ. ಗೆರೆ ಮಲಗಿರಲಿಲ್ಲ. ಒಂದು ಗುಡ್ಡ. ಒಂದು ತಗ್ಗು. ಇನ್ನೊಂದು ದೊಡ್ಡ ಗುಡ್ಡ. ನಾಲ್ಕು ನಿಮಿಷ ಅವಳು ಕೈ ಆಡಿಸಿದ್ದಳು.

ಖಾಲಿ ಕುರ್ಚಿಯ ಜೊತೆ ಮಾತಾಡಿದಳೇ, ಎಂದು ಅವನು ಪಟ್ಟಿಯನ್ನು ಮತ್ತೆ ಮೇಲಿನಿಂದ ನೋಡಿದ. ಆಗ ಎರಡನೆಯ ಗೆರೆ ಕಣ್ಣಿಗೆ ಬಿತ್ತು: ಇತ್ತಲಿಂದ ಹೋದದ್ದು. ಖಾಲಿ ಕುರ್ಚಿ ಅಲ್ಲಾಡುವುದಿಲ್ಲ, ಅದು ಸಪಾಟಾಗಿರಬೇಕಿತ್ತು. ಅಕ್ಕನ ಗುಡ್ಡ ಇಳಿದಲ್ಲೆಲ್ಲ ಈ ಗೆರೆ ಏಳುತ್ತಿತ್ತು. ಇದು ಇಳಿದಲ್ಲಿ ಅಕ್ಕನದು ಏಳುತ್ತಿತ್ತು. ಒಬ್ಬರು ಹೇಳುವುದು, ಇನ್ನೊಬ್ಬರು ಉತ್ತರ ಕೊಡುವುದು. ಮನೆಯಲ್ಲಿ ಆ ಹೊತ್ತು ಅವನನ್ನು ಬಿಟ್ಟರೆ ಇದ್ದದ್ದು ಒಬ್ಬಳೇ, ಅಮ್ಮ.

ಅಮ್ಮನಿಗೆ ಅವನು ಸುಳ್ಳು ಹೇಳಿದ್ದ. ಮಣ್ಣು ಮುಗಿಸಿ ಬಂದ ಸಂಜೆ ನೆಂಟರೆಲ್ಲ ಸೇರಿದ್ದಾಗ ಅತ್ತೆ, "ಕೊನೇಲಿ ಏನಂದ್ಲೋ ನಿನ್ನ ಹತ್ರ?" ಎಂದು ಕೇಳಿದ್ದಳು. ಎಲ್ಲರೂ ಅವನ ಬಾಯನ್ನೇ ನೋಡಿದರು. "ಅಮ್ಮನ್ನ ಚೆನ್ನಾಗಿ ನೋಡ್ಕೋ ಅಂದ್ಲು" ಎಂದುಬಿಟ್ಟ. ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳುವುದು ಹೇಗೆ? ಅಂದಿನಿಂದ ಬಂದವರಿಗೆಲ್ಲ ಅಮ್ಮ ಅದನ್ನೇ ಹೇಳುತ್ತಿದ್ದಳು. "ಸಾಯೋ ಹೊತ್ತಲ್ಲೂ ನನ್ನದೇ ಚಿಂತೆ ಅವಳಿಗೆ. ತಮ್ಮನ ಕೈಲಿ ಮಾತು ತಗೊಂಡು ಹೋದ್ಲು." ಒಳಗಿನ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುವಾಗೆಲ್ಲ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಅಮ್ಮನಿಗೆ ಗೊತ್ತಿತ್ತು. ಹತ್ತೊಂಬತ್ತು ದಿನ ಗೊತ್ತಿದ್ದೂ ಹೇಳುತ್ತಿದ್ದಳು.

ಮೂರೂವರೆಗೆ ಅವನು ಮನೆಯ ಬಾಗಿಲು ತೆಗೆದಾಗ ಅಮ್ಮ ಆ ಕೋಣೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕಂಪ್ಯೂಟರು ಅಲ್ಲೇ ಇತ್ತು, ಪರದೆಯ ಮೇಲೆ ಒಂದು ಟವೆಲು ಹೊದಿಸಿದ್ದಳು. ಬಾಗಿಲ ಸಂದಿಯ ವೈರು ತೆಗೆದಿರಲಿಲ್ಲ. "ಇಷ್ಟು ಬೇಗ ಬಂದ್ಯಾ? ಮೈ ಸರಿ ಇಲ್ವಾ?" ಎಂದಳು.

"ಅಮ್ಮಾ, ಅಕ್ಕ ಹಾಗೆ ಹೇಳ್ಲಿಲ್ಲ."

ಅಮ್ಮನ ಕೈ ಒಂದು ದಿಂಬಿನ ಚೀಲದ ಮೇಲೆ ನಿಂತಿತು. "ಹೂಂ."

"ನಿನ್ನ ನೋಡ್ಕೋ ಅಂತ ಹೇಳ್ಲಿಲ್ಲ. ನಾನೇ ಕಟ್ಟಿ ಹೇಳಿದ್ದು."

"ಗೊತ್ತು ಕಣೋ."

"ಗೊತ್ತಿದ್ದೂ ಊರಿಗೆಲ್ಲ ಯಾಕಮ್ಮ ಹೇಳ್ಕೊಂಡು ಬಂದೆ?"

"ನೀನು ಹೇಳಿಬಿಟ್ಟಿದ್ಯಲ್ಲ. ನನ್ನ ಮಗನ್ನ ನಾಲ್ಕು ಜನದ ಮುಂದೆ ಸುಳ್ಳುಗಾರ ಮಾಡ್ಲಾ?" ಅಮ್ಮ ಚೀಲವನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅವನು ಲ್ಯಾಪ್‌ಟಾಪು ತೆಗೆದು ಬಟ್ಟೆಯ ರಾಶಿಯ ಪಕ್ಕದಲ್ಲಿಟ್ಟು ಎರಡು ಗೆರೆ ತೋರಿಸಿದ. ಇದು ಅವಳ ಕೈ, ಇದು ನಿನ್ನದು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಮುಟ್ಟಬಹುದೇ ಎಂದು ಕೇಳುವವಳಂತೆ ಅವನ ಮುಖ ನೋಡಿ, ಮೇಲಿನ ಗೆರೆಯ ಮೇಲೆ ಬೆರಳಿಟ್ಟು, ಗುಡ್ಡ ಹತ್ತಿಸಿ ಇಳಿಸಿದಳು. "ಇಷ್ಟೇನಾ ಉಳಿದಿರೋದು" ಎಂದಳು.

"ಏನಂದ್ಲಮ್ಮ?"

"ಬೇಡ ಬಿಡು."

"ಅಮ್ಮಾ."

"ಚಿತ್ರ ಒಡೀತಿತ್ತು, ನಿಜ. ಆದ್ರೆ ನನಗೆ ಅವಳ ಕೈ ಓದೋಕೆ ಚಿತ್ರ ಯಾಕೋ ಬೇಕು? ನಲವತ್ತನಾಲ್ಕು ವರ್ಷ ಒಲೆ ಮುಂದೆ, ಹೊಗೆಯಲ್ಲಿ, ಅರ್ಧ ಬೆನ್ನು ತಿರುಗಿಸಿಕೊಂಡೇ ಓದಿದೀನಿ. ಭುಜ ಅಲ್ಲಾಡಿದ್ರೆ ಸಾಕು ನನಗೆ." ಅವಳು ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಟವೆಲು ಹೊದಿಸಿದ ಪರದೆಗೆ ಬೆನ್ನು ಮಾಡಿ, ಅವನ ಕಡೆ ತಿರುಗಿ ಮಂಚದ ಅಂಚಿಗೆ ಕೂತಳು. ಬಲಗೈಯನ್ನು ಮಡಿಲಲ್ಲೇ ಇಟ್ಟುಕೊಂಡಳು. ಎಡಗೈ ಎತ್ತಿದಳು.

ಮೂಗು ಒರೆಸಿದಳು. ಅಂಗೈ ಮೇಲೆ ಮಾಡಿ ಕೇಳಿದಳು: ಅವನೆಲ್ಲಿ? ಆಮೇಲೆ, "ವೈರು ಹಾಕ್ತಿದಾನೆ ಅಂದೆ ನಾನು" ಎಂದು ಬಾಯಲ್ಲಿ ಹೇಳಿ, ಮತ್ತೆ ಅಕ್ಕನಾದಳು. ಬೆರಳುಗಳನ್ನು ಚೆಲ್ಲಿದಳು, ಚೂರು ಚೂರು. ಗಾಳಿಯಲ್ಲಿ ಗುಡಿಸಿ ಹಾಕಿದಳು, ಆದರೆ ಆಗಲಿ. ಮಂಚದ ಹೊದಿಕೆಯನ್ನು ತಟ್ಟಿದಳು, ಬಂದು ಕೂರು. ಒಡೆದ ಚಿತ್ರವೇ ಇರಲಿ, ಬಂದು ಕೂರೋಕೆ ಹೇಳು. ಮೂಗು ಒರೆಸಿದಳು, ಹೊದಿಕೆ ತಟ್ಟಿದಳು. ಮತ್ತೆ ಒರೆಸಿದಳು, ಮತ್ತೆ ತಟ್ಟಿದಳು. "ಅವತ್ತು ಬೆಳಿಗ್ಗೇನೇ ಅವಳಿಗೆ ಬರೆದು ತೋರಿಸಿದ್ರಂತೆ, ಮಧ್ಯಾಹ್ನ ಉಸಿರಿನ ಮಷೀನ್ ಹಾಕ್ತೀವಿ, ಕೈ ಕಟ್ತೀವಿ ಅಂತ. ಅಷ್ಟರೊಳಗೆ ನಿನ್ನ ಜೊತೆ ಒಂದು ಸ್ವಲ್ಪ ಹೊತ್ತು ಸುಮ್ನೆ ಕೂರ್ಬೇಕಂತೆ. ಹೇಳೋಕೆ ಏನೂ ಇರ್ಲಿಲ್ಲ ಕಣೋ. ಸುಮ್ನೆ."

ಅವನಿಗೆ ನೆನಪಾಯಿತು. ಬೀರುವಿನ ಹಿಂದೆ ಕೈ ತೂರಿಸಿ, ಕೆನ್ನೆಯನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದಾಗ ಒಳಗಿನಿಂದ ಅಮ್ಮ ಕರೆದಿದ್ದಳು. ಒಂದು ಸಲವಲ್ಲ, ಎರಡು ಸಲ. "ಬಂದೆ ಇರಮ್ಮ, ಎರಡೇ ನಿಮಿಷ!" ಎಂದು ಅವನು ರೇಗಿದ್ದ. ಯಾಕೆಂದು ಕೇಳಿರಲಿಲ್ಲ. ಹತ್ತೊಂಬತ್ತು ದಿನದಲ್ಲಿ ಒಂದು ಸಲವೂ ಅದು ನೆನಪಿಗೆ ಬಂದಿರಲಿಲ್ಲ.

"ಎಳ್ಕೊಂಡು ಬರ್ಬೇಕಿತ್ತು ನಾನು" ಎಂದಳು ಅಮ್ಮ. "ರಟ್ಟೆ ಹಿಡಿದು ಎಳ್ಕೊಂಡು ಬರ್ಬೇಕಿತ್ತು. ನೀನು ರೇಗಿದೆ, ನಾನು ಸುಮ್ನಾದೆ. ಅವಳಿಗೆ ಎರಡು ಬೆರಳು ತೋರ್ಸಿದೆ, ಎರಡು ನಿಮಿಷ ಅಂತೆ ಅಂತ. ಅದಕ್ಕೆ ನಿನ್ನ ಆಡ್ಕೊಂಡ್ಲು ನೋಡು." ಅಮ್ಮ ಮೂಗು ಒರೆಸಿ, ಕತ್ತಿನ ಸುತ್ತ ಇಲ್ಲದ ವೈರು ಸುತ್ತಿಕೊಂಡು, ಸುತ್ತಿ ಸುತ್ತಿ, ನಾಲಗೆ ಹೊರಗೆ ಹಾಕಿ ಕತ್ತು ವಾಲಿಸಿದಳು. ಎಪ್ಪತ್ತು ದಾಟಿದ ಮುಖದಲ್ಲಿ ಒಂದು ಕ್ಷಣ ಅಕ್ಕನ ತುಂಟತನ ಹಾಗೆಯೇ ಬಂದು ಹೋಯಿತು. ಅವನಿಗೆ ನಗು ಬಂತು. ನಗುತ್ತಲೇ ಅವನು ಚಿಕ್ಕ ಮಗುವಿನ ಹಾಗೆ ಗಟ್ಟಿಯಾಗಿ ಅತ್ತುಬಿಟ್ಟ. ಅಮ್ಮ ಸಮಾಧಾನ ಮಾಡಲಿಲ್ಲ. ಅತ್ತು ಮುಗಿಯಲಿ ಎಂದು ಕಾದಳು.

"ಅಷ್ಟೇನಾ?" ಎಂದ ಕೊನೆಗೆ. ಪಟ್ಟಿಯಲ್ಲಿ ಇನ್ನೂ ಅರ್ಧ ನಿಮಿಷ ಉಳಿದಿತ್ತು. ಅಲ್ಲಿ ಒಂದು ಸಣ್ಣ ಏರು ಇತ್ತು, ಒಂದೇ ಒಂದು, ಆಮೇಲೆ ಸಪಾಟು.

"ಆಮೇಲೆ ಏನೂ ಹೇಳ್ಲಿಲ್ಲ. ನೀನು ಬರೋ ಸದ್ದಾಯ್ತು. ನಾನು ಬಾಗಿಲು ನೋಡಿದ್ದು ನೋಡಿ ಅವಳಿಗೂ ಗೊತ್ತಾಯ್ತು. ಹೀಗೆ ಕೂತ್ಲು." ಅಮ್ಮ ಎಡಗೈಯನ್ನು ಬಲಗೈಯ ಮೇಲಿಟ್ಟು ಮಡಿಲಲ್ಲಿ ಒತ್ತಿಕೊಂಡಳು. ಅದು ಎಲ್ಲಿಯದೆಂದು ಅಮ್ಮನಿಗೆ ಗೊತ್ತಿರಲಿಲ್ಲ. "ನೀನು ಬಂದು ಕೂತೆ. ಮುಖದ ತುಂಬ ಸಂತೋಷ. ಅದಕ್ಕೆ ಯಾಕೆ ಮಣ್ಣು ಹಾಕ್ಲಿ, ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ, ಸ್ವಲ್ಪ ಬಿಟ್ಟು ಹೇಳೋಣ ಅಂದ್ಕೊಂಡೆ. ಅವಳೂ ಹಾಗೇ ಅಂದ್ಕೊಂಡಿರ್ಬೇಕು."

ಜೇಬಿನಲ್ಲಿ ಫೋನು ಅದುರಿತು. ಕಣ್ಣಿನ ಆಸ್ಪತ್ರೆಯದೇ ಇರಬೇಕು; ಹೇಳದೆ ಬಂದದ್ದಕ್ಕೆ ನಾಳೆ ಏನೆನ್ನುತ್ತಾರೋ ಅನ್ನಲಿ. ಅದು ಅದುರಿ ಅದುರಿ ಸುಮ್ಮನಾಯಿತು. ಅವನು ಲ್ಯಾಪ್‌ಟಾಪು ಮುಚ್ಚಿ ನೆಲದ ಮೇಲಿಟ್ಟ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತ.

"ಮೊದಲಿಂದ ಇನ್ನೊಂದ್ಸಲ ತೋರ್ಸಮ್ಮ" ಎಂದ.

ಅಮ್ಮ ಕಣ್ಣೊರೆಸಿಕೊಂಡು, ಬಲಗೈಯನ್ನು ಮಡಿಲಲ್ಲಿಟ್ಟು, ಎಡಗೈ ಎತ್ತಿದಳು. ಮೂಗು ಒರೆಸಿ, ಅಂಗೈ ಮೇಲೆ ಮಾಡಿ, ಅವನೆಲ್ಲಿ ಎಂದು ಕೇಳಿದಳು. ಅವನು ಎದುರಿಗೇ ಕೂತಿದ್ದ.